ಬೀಳದ ಒನಕೆ

ಹನಗೋಡಿನ ನಮ್ಮ ಮನೆಯಲ್ಲಿ ಗ್ರಹಣಕ್ಕೆ ಗಡಿಯಾರ ಬೇಕಿರಲಿಲ್ಲ. ಅಜ್ಜಿ ನೀಲಾಂಬಿಕೆ ಹಿತ್ತಾಳೆ ತಟ್ಟೆಯ ನೀರಿನಲ್ಲಿ ಒನಕೆಯನ್ನು ನೆಟ್ಟಗೆ ನಿಲ್ಲಿಸಿ ಪಕ್ಕದಲ್ಲೇ ಕೂರುತ್ತಿದ್ದಳು. ರಾಹು ಸೂರ್ಯನನ್ನು ಬಿಟ್ಟೊಡನೆ ಒನಕೆ ತಾನಾಗಿ ಉರುಳುತ್ತದೆ. ಆಮೇಲೆಯೇ ಸ್ನಾನ, ಊಟ. ಅವಳ ಕಥೆ ಕೇಳುತ್ತಾ ನಾನು, ಆಕಾಶವೇ ಆ ಒನಕೆಯ ತುದಿಯಲ್ಲಿ ನಿಂತಿದೆ ಅಂದುಕೊಳ್ಳುತ್ತಿದ್ದೆ.

ಆ ಡಿಸೆಂಬರಿನ ಗ್ರಹಣದ ದಿನ ಅಜ್ಜಿ ಕಣ್ಣಿನ ಆಪರೇಷನ್ ಆಗಿ, ಪಟ್ಟಿ ಕಟ್ಟಿಕೊಂಡು ಮಂಚದಲ್ಲಿದ್ದಳು. ಒನಕೆಯ ಕಾವಲಿಗೆ ದೊಡ್ಡಪ್ಪ ನಂಜಣ್ಣ ಕೂತರು. ಏಳು ತಿಂಗಳ ಬಸುರಿ ಮಧುಶ್ರೀ ಅತ್ತಿಗೆಯನ್ನು ಬೆಳಗಿನಿಂದಲೇ ಕತ್ತಲೆ ಕೋಣೆಗೆ ಸೇರಿಸಿ, ಹನಿ ನೀರೂ ಕೊಡದೆ ಚಿಲಕ ಹಾಕಿದ್ದರು.

ಬಾಗಿಲಾಚೆ ಕೂತು ನಾನು ಅವಳಿಗೆ, ಹುಣಸೂರಿನ ಕಾಲೇಜಿನಲ್ಲಿ ಕೇಳಿದ್ದ ಅನಾಕ್ಸಗೋರಸನ ಕಥೆ ಹೇಳಿದೆ. ಎರಡೂವರೆ ಸಾವಿರ ವರ್ಷದ ಹಿಂದಿನ ಗ್ರೀಕ. ಸೂರ್ಯ ದೇವರಲ್ಲ, ಕಾದ ಕಲ್ಲು; ಚಂದ್ರ ಅಡ್ಡ ಬಂದರೆ ಗ್ರಹಣ ಅಂದವನು. ಇವತ್ತಿನ ವಿಜ್ಞಾನ ನಿಮಿಷ ತಪ್ಪದೆ ಗ್ರಹಣದ ಹೊತ್ತು ಹೇಳುವುದು ಅಂಥವರು ಕೇಳಿದ ‘ಯಾಕೆ’ಯಿಂದಲೇ ಅಂದೆ.

"ಅಂಗಂದೋನ್ನ ಜನ ಸುಮ್ನೆ ಬುಟ್ರಾ?"

"ಊರು ಬುಡಿಸುದ್ರು, ಅತ್ತಿಗೆ."

ಒಳಗಿನಿಂದ ಸಣ್ಣ ನಗು ಕೇಳಿಸಿತು.

ಮೊಬೈಲು ಹೇಳಿದ್ದಂತೆ ಹನ್ನೊಂದಕ್ಕೆ ಗ್ರಹಣ ಬಿಟ್ಟಿತು. ಅಂಗಳದ ತುಂಬ ಬಿಸಿಲು. ಒನಕೆ ಮಾತ್ರ ಬೀಳಲಿಲ್ಲ.

"ದೊಡ್ಡಪ್ಪ, ಬಾಗ್ಲು ತೆಗೀರಿ. ಬಿಟ್ಟಾಯ್ತು."

"ಒನಕೆ ಬೀಳ್ಲಿ ಕಣವ್ವ. ನಿನ್ ಮೊಬೈಲ್‌ಗೇನ್ ಗೊತ್ತು?"

ಹನ್ನೆರಡಾಯಿತು. ಒನಕೆ ಅಲುಗಲಿಲ್ಲ. ಹಾಗಾದರೆ ಗ್ರೀಕ ಹೇಳಿದ್ದೇ ಸುಳ್ಳೇ? ಕೋಣೆಯ ಬಾಗಿಲು ಬಡಿದೆ. ಅತ್ತಿಗೆಯ ದನಿಯಿಲ್ಲ.

ಹಜಾರಕ್ಕೆ ಓಡಿಬಂದು ಒನಕೆಯನ್ನು ತಳ್ಳಿಬಿಟ್ಟೆ. ದಡಾರನೆ ಬಿತ್ತು.

"ಅಯ್ಯಯ್ಯೋ! ಮಗೀಗೆ ಏನಾರ ಆದ್ರೆ ನೀನೇ ಒಣೆ ಕಣಮ್ಮಿ!" ದೊಡ್ಡಪ್ಪ ಕೂಗಿದರು.

ಆ ಮಾತಿಗೆ ಹೆದರಿ ಅದನ್ನೆತ್ತಿ ತಟ್ಟೆಯಲ್ಲಿಟ್ಟು, ಮೆಲ್ಲಗೆ ಕೈ ಬಿಟ್ಟೆ. ನಡುಮಧ್ಯಾಹ್ನ, ಗ್ರಹಣ ಮುಗಿದು ಗಂಟೆಯಾಗಿದೆ. ತುದಿಯ ಕಬ್ಬಿಣದ ಬಳೆಯ ಮೇಲೆ ಒನಕೆ ನೆಟ್ಟಗೆ ನಿಂತಿತು.

ದೊಡ್ಡಪ್ಪ ಬಗ್ಗಿ ಒನಕೆಯ ಬುಡ ನೋಡಿದರು. ನಾನೂ ಬಗ್ಗಿದೆ.

ಮಂಚದಿಂದ ಅಜ್ಜಿ ಅಂದಳು: "ಅದ್ಯಾವತ್ ತಾನಾಗಿ ಬಿದ್ದಿತ್ಲಾ, ನಂಜ? ಮಕ್ಳು ಅಸ್ಕೊಂಡು ಅಳೋವು ಅಂತ ನಾನೇ ಕಾಲ್ಬೆರಳಲ್ಲಿ ನೂಕ್ತಿದ್ದೆ. ನೀನೂ ನೂಕ್ತೀಯ ಅನ್ಕಂಡು ಆಗ್ಲಿಂದ ಕಾಯ್ತಾ ಇವ್ನಿ!"

ನಾನು ಚಿಲಕ ಎಳೆದೆ. ಅತ್ತಿಗೆ ಗೋಡೆಗೊರಗಿ ಕಣ್ಣು ಮುಚ್ಚಿದ್ದಳು. ಮುಖಕ್ಕೆ ನೀರು ಚಿಮುಕಿಸಿ ಚೊಂಬು ತುಟಿಗಿಟ್ಟೆ. ಗಟಗಟ ಕುಡಿದಳು.

"ಬಿತ್ತಾ?" ಅಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಹಜಾರದಿಂದ ದಡಾರನೆ ಸದ್ದು. ಒಂದು ಗಳಿಗೆ ಬಿಟ್ಟು ಇನ್ನೊಮ್ಮೆ. ದೊಡ್ಡಪ್ಪ ಒನಕೆಯನ್ನು ನಿಲ್ಲಿಸಿ, ಬೀಳಿಸಿ, ಮತ್ತೆ ನಿಲ್ಲಿಸಿ ನೋಡುತ್ತಿದ್ದರು.