ತೋಚಿತ್ತು, ಗೊತ್ತಿರಲಿಲ್ಲ

ಎಲ್ಲಿಂದ ಶುರು ಮಾಡಲಿ? ಮೊದಲ ಡ್ರಾಫ್ಟು ನಿಘಂಟಿನಿಂದ ಶುರುವಾಗಿತ್ತು: ‘ತೋಚು: ಮನಸ್ಸಿಗೆ ಹೊಳೆ, ಯಾರೂ ಹೇಳದೆ ತಿಳಿ.’ ಓದಿ ನನಗೇ ಆಕಳಿಕೆ ಬಂತು, ಹರಿದೆ. ಬಸ್ಸಿನಿಂದ ಹೊರಡೋಣ.

೧

ಶಹಾಬಾದಿನಿಂದ ಚಿತ್ತಾಪುರಕ್ಕೆ ಹೋಗುವ ಬೆಳಗಿನ ಬಸ್ಸು. ಒಂದೇ ಸೀಟಿನಲ್ಲಿ ಇಬ್ಬರು ಟೀಚರುಗಳು: ಕನ್ನಡದ ವೃಂದಾ, ಗಣಿತದ ನಾಹಿದ. ಆರು ವರ್ಷದಿಂದ ಒಂದೇ ಖಾಸಗಿ ಹೈಸ್ಕೂಲು. (ಶಾಲೆಯ ಹೆಸರು ಕೇಳಬೇಡಿ, ಕಟ್ಟಿದ್ದು ನಾನೇ.) ಒಂದು ದಿನ ಹೊಸ ಕಂಡಕ್ಟರ್ ನಾಹಿದಳ ಎಡಕ್ಕೆ ನಿಂತು, “ಎಲ್ಲಿಗ್ರೀ ಮೇಡಂ?” ಎಂದ.

ನಾಹಿದ ನಕ್ಕು, “ಹೌದ್ರಿ,” ಎಂದಳು.

ವೃಂದಾಗೆ ತಟ್ಟನೆ ತೋಚಿತು: ಇವಳಿಗೆ ಎಡಗಿವಿ ಕೇಳಿಸುತ್ತಿಲ್ಲ.

ಆದರೆ ವಿಚಾರಿಸಲಿಲ್ಲ. ಬೇಕಾದಾಗ ತಾನೇ ಹೇಳುತ್ತಾಳೆ ಎಂದು ಸುಮ್ಮನಾದಳು. (ಒಳ್ಳೆಯ ಕಾರಣ. ಒಳ್ಳೆಯ ಕಾರಣಗಳೆಂದರೆ ನನಗೆ ಭಯ.)

೨

ದೀಪಾವಳಿ ರಜೆ ಮುಗಿದ ವಾರ ಹೆಡ್‌ಮಾಸ್ಟರ್ ರಘೂತ್ತಮ ವೃಂದಾಳನ್ನು ಕರೆಸಿದರು.

“ನಾಹಿದ ಮೇಡಂ ಮ್ಯಾಲ ಭಾಳ ಕಂಪ್ಲೇಂಟ್ ಬರ್ಲಿಕತ್ತಾವ. ಹುಡುಗ್ರು ಡೌಟ್ ಕೇಳಿದ್ರ ತಿರುಗಿ ಸೈತ ನೋಡಂಗಿಲ್ಲಂತ. ಸೊಕ್ಕು ಅಂತಾರ. ನೀವು ದಿನಾ ಜೋಡಿ ಬರ್ತೀರಿ, ಅವರಿಗೇನರ ತ್ರಾಸ್ ಅದ ಏನ್ರಿ?”

“ನಂಗೇನ್ ಗೊತ್ತಿಲ್ರಿ ಸರ್.”

ಶನಿವಾರ ನಾಹಿದಳಿಗೆ, ಸೋಮವಾರದಿಂದ ಬರುವುದು ಬೇಡ ಎಂದರು.

ಕಥೆ ಇಲ್ಲಿಗೆ ಬಂದಾಗಲೆಲ್ಲ ವೃಂದಾ ನನ್ನ ಪೆನ್ನು ಹಿಡಿದು ನಿಲ್ಲಿಸುತ್ತಾಳೆ.

“ನಾ ಸುಳ್ಳು ಹೇಳಿಲ್ರಿ. ನಂಗ ಗೊತ್ತಿರ್ಲಿಲ್ಲ, ತೋಚಿತ್ತು ಅಷ್ಟ. ಎರಡೂ ಒಂದೇ ಏನು?”

(ಕನ್ನಡ ಟೀಚರನ್ನು ಪಾತ್ರ ಮಾಡಿಕೊಂಡದ್ದಕ್ಕೆ ಇದು ಶಿಕ್ಷೆ. ವ್ಯಾಕರಣ ಸಹಿಸಿಕೊಳ್ಳಿ.) ತೋಚು, ತೋರು ಒಂದೇ ಬೇರಿನವು ಎನ್ನುತ್ತಾರೆ, ಸೇಡಂ ದಾಟಿ ತೆಲುಗು ಸೀಮೆಗೆ ಹೋದರೆ ಅಲ್ಲೂ ‘ತೋಚು’ ಎಂದೇ ಅನ್ನುತ್ತಾರೆ. ‘ನಾನು ತೋಚಿದೆ’ ಎಂದು ಯಾರೂ ಹೇಳುವುದಿಲ್ಲ, ‘ನನಗೆ ತೋಚಿತು’ ಎನ್ನುತ್ತೇವೆ. ಅದು ತಾನಾಗಿ ಬಂದು ಎದುರಿಗೆ ನಿಲ್ಲುತ್ತದೆ.

“ಮತ್ತ ಅದರಾಗ ನಂದೇನು ತಪ್ಪು?”

“ಬಂದು ನಿಂತದ್ದನ್ನು ಬಂದಿಲ್ಲ ಅಂದಿರಿ,” ಎಂದೆ.

ಅವಳು ಪೆನ್ನು ಬಿಟ್ಟಳು.

೩

ಮುಕ್ತಾಯ ಒಂದು: ವೃಂದಾ ಹೆಡ್‌ಮಾಸ್ಟರರ ಬಳಿ ಹೋಗಿ ಎಲ್ಲ ಹೇಳುತ್ತಾಳೆ, ನಾಹಿದಳಿಗೆ ಕೆಲಸ ಮರಳಿ ಸಿಗುತ್ತದೆ. “ನಾ ಹೋಗೇ ಇಲ್ರಿ,” ಎಂದು ವೃಂದಾಳೇ ಹೊಡೆದುಹಾಕಿದಳು.

ನಡೆದದ್ದು ಇದು. ಮರುವರ್ಷ ಜುಲೈಯಲ್ಲಿ, ಚಿತ್ತಾಪುರದ ಬಸ್ ಸ್ಟ್ಯಾಂಡಿನಲ್ಲಿ ನಾಹಿದ ಸಿಕ್ಕಳು. ಚಿಂಚೋಳಿ ಹತ್ತಿರದ ಚಂದಾಪುರದಲ್ಲಿ ಅಣ್ಣನ ಮನೆಯಲ್ಲಿದ್ದು ಟ್ಯೂಷನ್ ಹೇಳುತ್ತಿದ್ದಾಳಂತೆ. ಕಿವಿಯ ಮಷೀನನ್ನು ತೋರಿಸಿ, “ಈಗ ಕಾಗಿ ಕೂಗಿದ್ರೂ ಸಿಟ್ಟು ಬರ್ತದ ನೋಡು,” ಎಂದು ನಕ್ಕಳು. ವೃಂದಾ ನಗಲಿಲ್ಲ.

“ನಿಂಗ ತೋಚಿತ್ತಲ್ಲ, ವೃಂದಾ?”

ವೃಂದಾ ಹೌದೆಂದು ತಲೆಯಾಡಿಸಿದಳು.

“ನಂಗೂ ತೋಚಿತ್ತು, ನಿಂಗ ತಿಳದದ ಅಂತ. ಆವತ್ತಿನಿಂದ ಸ್ಟಾಫ್‌ರೂಮಿನಾಗೂ ನೀ ನನ್ನ ಬಲಕ್ಕೇ ಕುಂದರ್ತಿದ್ದಿ. ನಾ ಹೇಳ್ಲಿಕ್ಕೆ ಅಂಜತಿದ್ದೆ. ಯಾರರ ಕೇಳಿದ್ರ ವೃಂದಾ ಹೇಳ್ತಾಳ ಅಂತ ಬೇಫಿಕರ್ ಇದ್ದೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಚಿಂಚೋಳಿ ಬಸ್ಸು ಬಂತು. ನಾಹಿದ ಹತ್ತಿ ಕೂತಳು.

ವೃಂದಾ ನನ್ನ ಕಡೆ ತಿರುಗಿದಳು. “ಏನರ ಒಂದ್ ಮಾತು ಕೊಡ್ರಿ, ಲಗೂ.” ‘ತಪ್ಪಾಯ್ತು’ ಎಂದು ಬರೆದೆ, ಸಾಲದು ಎಂದಳು. ‘ಫೋನ್ ಮಾಡ್ತೀನಿ’ ಎಂದು ಬರೆದೆ, ಸುಳ್ಳು ಎಂದಳು. ಅಷ್ಟರಲ್ಲಿ ಬಸ್ಸು ಗೇಟು ದಾಟಿತ್ತು.

ಶಹಾಬಾದಿನ ಬಸ್ಸುಗಳು ಬರುತ್ತಿವೆ, ಹೋಗುತ್ತಿವೆ. ಅವಳು ಹತ್ತುತ್ತಿಲ್ಲ. ಹತ್ತಿಸಿ ಮನೆಗೆ ಕಳಿಸಿದರೆ ಕಥೆ ಮುಗಿಯುತ್ತದೆ, ಅವಳೂ ಪಾರಾಗುತ್ತಾಳೆ. ಆ ಪುಣ್ಯ ನನಗೆ ಬೇಡ.