ನಲವತ್ತು ನಿಮಿಷದ ದಾರಿ

“ಮೋಡದಲ್ಲಿ ಮೈಲಿಗಲ್ಲು ಎಲ್ಲಿ ನೆಟ್ಟಿರ್ತಾರೆ?”

ದೊಡ್ಡಮ್ಮ ಕೇಳಿದ್ದು ಯಾರನ್ನೂ ಅಲ್ಲ, ವಿಮಾನದ ಕಿಟಕಿಯ ಗಾಜನ್ನು. ಆದರೂ ಪಕ್ಕದ ಸೀಟಿನ ಕನ್ನಡಕ ಹಾಕಿದ ವ್ಯಾಪಾರಿ, ವಿಮಾನ ಇನ್ನೂ ನೆಲದ ಮೇಲಿರುವಾಗಲೇ ಕುರ್ಚಿಯ ಕೈ ಬಿಗಿಹಿಡಿದು ಕೂತಿದ್ದವನು, ಬಾಯಿಬಿಟ್ಟ: “ಇದ್ದಿದ್ರೆ ನಾನು ಇಳಿದು ಅದರ ಮೇಲೇ ಕೂತ್ಕೋತಿದ್ದೆ ಅಮ್ಮ.”

ದೊಡ್ಡಮ್ಮನ ತಂಗಿ, ಮೊಮ್ಮಕ್ಕಳಾದ ಮೇಲೂ ಎಲ್ಲರ ಬಾಯಲ್ಲಿ ‘ಪುಟ್ಟಿ’ಯಾಗಿಯೇ ಉಳಿದವಳು, ಬೆಟ್ಟದಾಚೆ ಊರಿನ ಆಸ್ಪತ್ರೆಯಲ್ಲಿದ್ದಳು. ಹನ್ನೊಂದಕ್ಕೆ ಹೃದಯದ ಆಪರೇಷನ್. ಒಳಗೆ ಹೋಗುವ ಮುನ್ನ ಅಕ್ಕ ಪಕ್ಕದಲ್ಲಿರಬೇಕೆಂದು ಹಟ. ಬಸ್ಸಾದರೆ ಬೆಟ್ಟ ಸುತ್ತಿಕೊಂಡು ಇಡೀ ದಿನ. ಪುಟ್ಟಿಯ ಮಗ ಫೋನಿನಲ್ಲಿ ಧೈರ್ಯ ಹೇಳಿದ್ದ: “ಆ ಏರ್‌ಪೋರ್ಟಿಂದ ಈ ಏರ್‌ಪೋರ್ಟಿಗೆ ನಲವತ್ತೇ ನಿಮಿಷ ದೊಡ್ಡಮ್ಮ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಬಂದಿರ್ತೀರ.”

ನಲವತ್ತು ನಿಮಿಷ ಅಳೆಯಲು ದೊಡ್ಡಮ್ಮನಿಗೆ ಗಡಿಯಾರ ಬೇಕಿರಲಿಲ್ಲ. ಅಪ್ಪ ಕಲಿಸಿದ ಸ್ತುತಿಪದ್ಯಗಳನ್ನು ಮೊದಲಿಂದ ಹೇಳಿ ಮುಗಿಸಿದರೆ ಸರಿಯಾಗಿ ಅಷ್ಟೇ ಹೊತ್ತು. ಅವರ ಮನೆಯಲ್ಲಿ ಅನ್ನ ಬೇಯುತ್ತಿದ್ದುದೂ ಪದ್ಯದ ಲೆಕ್ಕದಲ್ಲೇ. ಎಲ್ಲವನ್ನೂ ಅಕ್ಕ ಹೇಳಿದರೆ ಕೊನೆಯದು ಮಾತ್ರ ಪುಟ್ಟಿಯದು. ಚಿಕ್ಕಂದಿನಲ್ಲಿ ಅವಳಿಗೆ ಬಾಯಿಪಾಠ ಬರುತ್ತಿದ್ದುದು ಅದೊಂದೇ; ಬೇರೆಯವರು ಮುಟ್ಟಿದರೆ ರಂಪ. ಆಮೇಲೂ ಹಾಗೇ ನಡೆದುಕೊಂಡು ಬಂದಿತ್ತು. ಈಗ ಶುರುಮಾಡಿದರೆ ಕೊನೆಯ ಪದ್ಯದ ಹೊತ್ತಿಗೆ ತಂಗಿಯ ಊರು ಎಂದುಕೊಂಡು, ಸೊಂಟಕ್ಕೆ ಬೆಲ್ಟು ಬಿಗಿದದ್ದೇ ತಡ, ದೊಡ್ಡಮ್ಮ ಕಣ್ಣುಮುಚ್ಚಿ ಆರಂಭಿಸಿದಳು.

ಆದರೆ ಪುಟ್ಟಿಯ ಮಗ ಹೇಳಿದ್ದು ಬರೀ ಆಕಾಶದ ಲೆಕ್ಕ. ವಿಮಾನ ಸರದಿಗೆ ಕಾಯುತ್ತ ನಿಂತೇ ಇತ್ತು. ಹತ್ತಾರು ಪದ್ಯ ನೆಲದ ಮೇಲೇ ಖರ್ಚಾದವು. ಕೊನೆಗೂ ಮೇಲೇರಿ ಆಚೆ ಊರಿನತ್ತ ಹೊರಟರೆ ಅಲ್ಲಿ ಮಂಜು. ಇಳಿಯಲು ಅಪ್ಪಣೆಯಿಲ್ಲ, ಸುತ್ತು ಹೊಡೆಯುತ್ತಿರುತ್ತೇವೆ ಎಂದ ಪೈಲಟ್. ತನ್ನ ಪಾಲಿನ ಪದ್ಯಗಳು ಮುಗಿದು ದೊಡ್ಡಮ್ಮನ ಬಾಯಿ ನಿಂತಿತು.

“ಯಾಕಮ್ಮ ನಿಲ್ಲಿಸಿದ್ರಿ?” ವ್ಯಾಪಾರಿ ಗಾಬರಿಯಾದ. “ನೀವು ಹೇಳೋವಾಗ ಇದು ಅಲ್ಲಾಡ್ತಾನೇ ಇರ್ಲಿಲ್ಲ.”

“ಅಲ್ಲಾಡ್ತಿತ್ತಪ್ಪ. ನೀನು ಕೇಳಿಸ್ಕೋತಿದ್ದೆ, ಅಷ್ಟೇ.”

“ಎಲ್ಲಾ ಮುಗೀತಾ?”

“ಒಂದಿದೆ. ಅದು ನಂದಲ್ಲ.”

ಮತ್ತೆ ಮೊದಲಿನಿಂದ ಹಿಡಿದಳು. ವ್ಯಾಪಾರಿ ಕುರ್ಚಿಯ ಕೈ ಬಿಟ್ಟು ಮೆಲ್ಲಗೆ ಅಂದ: “ಸುತ್ತು ಹೊಡೀತಿರೋದು ನಾವೋ, ಪದ್ಯಾನೋ?”

ಚಕ್ರ ನೆಲ ಮುಟ್ಟಿದಾಗ ಹನ್ನೊಂದಾಗುತ್ತ ಬಂದಿತ್ತು. ವ್ಯಾಪಾರಿ ಅವಳ ಚೀಲ ಇಳಿಸಿಕೊಟ್ಟು, ಹಿಂದಿನವರು ನುಗ್ಗದಂತೆ ದಾರಿಗೆ ಅಡ್ಡ ನಿಂತ. ಫೋನು ಆನ್ ಮಾಡಿದ್ದೇ ಪುಟ್ಟಿಯ ಮಗ ಸಿಕ್ಕಿದ: “ದೊಡ್ಡಮ್ಮ, ಕರ್ಕೊಂಡು ಹೋಗ್ತಿದಾರೆ, ಇನ್ನು ಕಾಯಲ್ವಂತೆ. ಅಮ್ಮನಿಗೆ ಕೊಡ್ತೀನಿ.”

“ಅಕ್ಕಾ, ಇಳಿದ್ಯಾ?”

“ಇಳಿದೆ ಪುಟ್ಟಿ. ಬಾಗಿಲು ತೆಗೀಬೇಕು.”

“ಎಲ್ಲಿಗೆ ಬಂತು?”

ಕೇಳುತ್ತಿರುವುದು ಪದ್ಯವನ್ನು ಎಂದು ಅಕ್ಕನಿಗೆ ಗೊತ್ತು. “ನಿನ್ನ ಹತ್ರಕ್ಕೆ ಬಂದು ನಿಂತಿದೆ.”

ಆ ಕಡೆ ಮಂಚದ ಗಾಲಿಗಳು ಉರುಳತೊಡಗಿದವು.

“ಈ ಸಲ ನೀನೇ ಮುಗಿಸಿಬಿಡು ಅಕ್ಕ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅರ್ಧಕ್ಕೇ ನಿಂತ್ಹೋಗುತ್ತೆ. ಕೇಳ್ಕೊಂಡೇ ಒಳಗೆ ಹೋಗ್ತೀನಿ.”

ಮೊದಲ ಅಕ್ಷರ ದೊಡ್ಡಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು.

“ಇಲ್ಲ ಪುಟ್ಟಿ, ನಾನು ಹೇಳಲ್ಲ. ಅದು ನಿಂದು. ಹೊರಗೆ ಬಂದು ನೀನೇ ಹೇಳು.”