ಹೇಳಿಕೊಳ್ಳಬಹುದಾದ ಕಾಯಿಲೆ

ದೊಡ್ಡಕ್ಕ ಸೀನುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಸೀನು ಬರುವ ಸೂಚನೆ ಸಿಕ್ಕಿದೊಡನೆ, ನಡೆಯುತ್ತಿದ್ದರೆ ನಿಲ್ಲುತ್ತಾಳೆ, ನಿಂತಿದ್ದರೆ ಒಂದು ಕಾಲಿಗೆ ಇನ್ನೊಂದನ್ನು ಹೆಣೆಯುತ್ತಾಳೆ, ಕೈಗೆಟುಕಿದ ಗೋಡೆಯನ್ನೋ ಮೇಜನ್ನೋ ಹಿಡಿದು, ಕಣ್ಣು ಮುಚ್ಚಿ, ಇಡೀ ಮೈಯನ್ನು ಮುಷ್ಟಿಯಂತೆ ಬಿಗಿದುಕೊಂಡ ಮೇಲೆಯೇ ಸೀನಿಗೆ ಅಪ್ಪಣೆ ಕೊಡುತ್ತಾಳೆ. ನಗುವಿಗೂ ಇದೇ ಸಿದ್ಧತೆ. ಸಿದ್ಧ ಉಡುಪಿನ ಅಂಗಡಿಯ ಹಿಂಭಾಗದಲ್ಲಿ, ಕೊಂಡ ಬಟ್ಟೆಗಳನ್ನು ಗಿರಾಕಿಗಳ ಅಳತೆಗೆ ತಿದ್ದಿಕೊಡುವ ಕೋಣೆಯಲ್ಲಿ ಆಕೆಯ ಜೊತೆ ಹೊಲಿಯುವ ಹೆಂಗಸರು ಯಾವುದಾದರೂ ತಮಾಷೆ ಹೇಳುವ ಮುಂಚೆ, "ಮೊದ್ಲು ದೊಡ್ಡಕ್ಕಂಗೆ ಕುರ್ಚಿ ಕೊಡ್ರೇ" ಎನ್ನುವುದು ವಾಡಿಕೆಯಾಗಿತ್ತು. ಬಲು ಗಂಭೀರ ಹೆಂಗಸು, ನಿಂತು ನಕ್ಕರೆ ಘನತೆಗೆ ಕುಂದೆಂದು ಭಾವಿಸಿದ್ದಾಳೆ ಎಂಬುದು ಅವರ ಊಹೆ. ಆ ಊಹೆಯನ್ನು ಆಕೆ ಹಾಗೆಯೇ ಇರಗೊಟ್ಟಳು.

ಸುಡು ಬೇಸಿಗೆಯಲ್ಲೂ ಆಕೆ ಬಿಚ್ಚದ ಒಂದು ಕಪ್ಪು ಕೋಟು ಇತ್ತು, ಮಂಡಿ ದಾಟುವಷ್ಟು ಉದ್ದದ್ದು. ಅದರ ಅಸ್ತರನ್ನು ಎರಡು ಪದರವಾಗಿ ಆಕೆಯೇ ಹೊಲಿದಿದ್ದಳು. ಅದರೊಳಗೆ, ಯಾರಿಗೂ ಕಾಣದ ಕಡೆ, ಹಳೆಯ ಟವಲುಗಳನ್ನು ಕತ್ತರಿಸಿ ಅಂಚು ಮಡಿಚಿ ಮಾಡಿದ ದಪ್ಪ ಬಟ್ಟೆಯ ಪಟ್ಟಿ. ಮನೆಯ ಬಟ್ಟೆಯನ್ನೆಲ್ಲ ಒಗೆಯುವವಳೂ ಒಣಹಾಕುವವಳೂ ಮಡಿಸಿಡುವವಳೂ ಆಕೆಯೇ ಆದ್ದರಿಂದ ಆ ಪಟ್ಟಿಗಳು ಗಂಡನ ಕಣ್ಣಿಗಾಗಲಿ ಮಗಳ ಕಣ್ಣಿಗಾಗಲಿ ಬೀಳಲಿಲ್ಲ. ಹೆಂಗಸರ ಎಷ್ಟೋ ಗುಟ್ಟುಗಳಿಗೆ ಮನೆಗೆಲಸದಷ್ಟು ಭದ್ರವಾದ ಬೀಗ ಬೇರೊಂದಿಲ್ಲ.

ಅದು ಶುರುವಾದದ್ದು ಮಗಳನ್ನು ಹೆತ್ತ ಮೇಲೆ. ಕೆಮ್ಮಿದರೆ, ಭಾರ ಎತ್ತಿದರೆ, ಅವಸರದಲ್ಲಿ ಮೆಟ್ಟಿಲಿಳಿದರೆ ತಡೆಯಲಾಗದೆ ಮೂತ್ರ ಸೋರುತ್ತಿತ್ತು. ಎತ್ತುವ ಭಾರಗಳಿಗೇನೂ ಕೊರತೆಯಿರಲಿಲ್ಲ: ಕೆಳಗಿನ ನಲ್ಲಿಯಿಂದ ಮೇಲಿನ ಮನೆಗೆ ನೀರು, ಸೊಂಟ ಮುರಿದು ಮಲಗಿದ್ದ ಅತ್ತೆಯನ್ನು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ. ಒಂದು ದಿನ ಅತ್ತೆಯನ್ನು ಎತ್ತುವಾಗಲೇ ಹಾಗಾಗಿ, ಅವಮಾನ ತಾಳಲಾರದೆ ಬಾಯಿಬಿಟ್ಟು ಹೇಳಿಕೊಂಡಳು. ಆಕೆಯ ಕುತ್ತಿಗೆಗೆ ಜೋತುಬಿದ್ದುಕೊಂಡೇ ಅತ್ತೆ ಅಂದರು, "ಹೆತ್ತೋರಿಗೆಲ್ಲ ಇರೋದೇ. ನಿನ್ನೊಬ್ಳಿಗೇ ಬಂದಿದೆಯಾ? ಗಂಡಸರ ಕಿವಿಗೆ ಬೀಳದ ಹಾಗೆ ಇರು." ದೊಡ್ಡಕ್ಕ ಹಾಗೆಯೇ ಇದ್ದಳು.

ಆದರೆ ಸೋರದಿರಲೆಂದು ಗಳಿಗೆಗೊಮ್ಮೆ ಬಚ್ಚಲಿಗೆ ಹೋಗುವವಳನ್ನು ಎಷ್ಟು ದಿನ ಯಾರೂ ಗಮನಿಸದೆ ಇರುತ್ತಾರೆ? ಗಂಡ ಗಮನಿಸಿದ. ಬಸ್ಸುಗಳ ವೇಳಾಪಟ್ಟಿ ತಯಾರಿಸುವ ಕಚೇರಿಯಲ್ಲಿದ್ದವನಿಗೆ ಯಾರು ಎಷ್ಟು ಸಲ ಹೋಗಿ ಬರುತ್ತಾರೆನ್ನುವುದರ ಮೇಲೆ ಸಹಜವಾಗಿಯೇ ಕಣ್ಣು. "ನಿಂಗೆ ಸಕ್ಕರೆ ಕಾಯಿಲೆ ಕಣೇ. ನಮ್ಮ ಆಫೀಸಲ್ಲಿ ಇಬ್ಬರಿಗಿದೆ, ಹಿಂಗೇ ಎದ್ದೆದ್ದು ಹೋಗ್ತಾರೆ" ಎಂದ. ದೊಡ್ಡಕ್ಕನಿಗೆ ಅದು ವರವಾಗಿ ಕೇಳಿಸಿತು. ಸಕ್ಕರೆ ಕಾಯಿಲೆ ಮರ್ಯಾದಸ್ಥರ ಕಾಯಿಲೆ. ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು, ಕೇಳಿದವರು ಅಯ್ಯೋ ಎನ್ನುತ್ತಾರೆ, ಮದುವೆಮನೆಯಲ್ಲಿ ಅದಕ್ಕೆಂದೇ ಬೇರೆ ತಟ್ಟೆ ಇಡುತ್ತಾರೆ. ಒಬ್ಬಳೇ ವೈದ್ಯರಲ್ಲಿಗೆ ಹೋದಂತೆ ಮಾಡಿ ಬಂದು, "ಹೌದಂತೆ. ಗುಳಿಗೆ ಬೇಡ, ಪಥ್ಯ ಸಾಕಂತೆ" ಎಂದುಬಿಟ್ಟಳು.

ಅಂದಿನಿಂದ ಆಕೆ ಸಪ್ಪೆ ಚಹಾ ಕುಡಿದಳು. ಗಂಡನ ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕಿ ಕದಡಿ, ಆ ಚಮಚವನ್ನು ನೆಕ್ಕದೆ ತೊಳೆದಿಟ್ಟಳು. ಹುಟ್ಟಿದಂದಿನಿಂದ ಸಿಹಿಯೆಂದರೆ ಪ್ರಾಣ ಬಿಡುತ್ತಿದ್ದವಳು ಇಲ್ಲದ ಕಾಯಿಲೆಯ ಪಥ್ಯವನ್ನು, ಇದ್ದ ಕಾಯಿಲೆಗೆ ತೆರುವ ದಂಡದಂತೆ, ಒಂದು ದಿನವೂ ತಪ್ಪಿಸಲಿಲ್ಲ. ಗಂಡ ಬಂದವರೆದುರು ಹೆಮ್ಮೆಪಡುತ್ತಿದ್ದ: "ನಮ್ಮನೆಯವಳು ಬರೀ ಪಥ್ಯದಲ್ಲೇ ಹತೋಟೀಲಿ ಇಟ್ಕೊಂಡಿದ್ದಾಳೆ, ಒಂದು ಗುಳಿಗೆ ಇಲ್ಲ." ಹೆಂಡತಿಯ ಕಾಯಿಲೆಗಾಗಿ ಅವನು ಮಾಡುತ್ತಿದ್ದ ಶುಶ್ರೂಷೆಯೆಂದರೆ ಈ ಪ್ರಚಾರ ಒಂದೇ.

ಮುಂದೆ ಅವನೇ ಆಕೆಯನ್ನು ಬಡಾವಣೆಯ ಸಭಾಂಗಣದಲ್ಲಿ ನಡೆಯುವ ಬೆಳಗಿನ ವ್ಯಾಯಾಮಕ್ಕೂ ಸೇರಿಸಿದ. ಕುರ್ಚಿಗಳನ್ನು ಗೋಡೆಗೆ ಒತ್ತರಿಸಿ, ಹಾಡು ಹಾಕಿ, ಹುರುಪಿನ ಹುಡುಗಿಯೊಬ್ಬಳು ಹೆಂಗಸರಿಂದ ಕೈಕಾಲು ಆಡಿಸುತ್ತಿದ್ದಳು. ದೊಡ್ಡಕ್ಕ ಬಗ್ಗುವುದರಲ್ಲಿ ಚೂಟಿ, ಕೈ ಬೀಸುವುದರಲ್ಲಿ ಎಲ್ಲರಿಗಿಂತ ಮುಂದೆ. ಆದರೆ "ಈಗ ಎಲ್ಲರೂ ಜಂಪ್" ಎಂಬ ಮಾತು ಬಂದೊಡನೆ ಆಕೆಯ ಶೂ ಲೇಸು ಬಿಚ್ಚಿಹೋಗುತ್ತಿತ್ತು. ಮೊಣಕಾಲೂರಿ ಕುಳಿತು, ಉಳಿದವರು ನೆಗೆದು ಮುಗಿಸುವವರೆಗೆ ಅದನ್ನು ಕಟ್ಟುತ್ತಿದ್ದಳು. "ದೊಡ್ಡಕ್ಕ, ಊರಿಗೆಲ್ಲ ಹೊಲಿದು ಕೊಡ್ತೀಯ, ನಿನ್ನ ಲೇಸಿಗೊಂದು ಹೊಲಿಗೆ ಹಾಕ್ಕೋಬಾರ್ದಾ?" ಎಂದು ಹುಡುಗಿ ಛೇಡಿಸಿದರೆ ತಲೆ ಎತ್ತದೆ ನಗುತ್ತಿದ್ದಳು. ಕುಳಿತಿದ್ದರಿಂದ ನಗಲು ಅಡ್ಡಿಯಿರಲಿಲ್ಲ.

ಮಗಳು ಬಾಣಂತನಕ್ಕೆ ತಾಯಿಯ ಮನೆಗೆ ಬಂದದ್ದು ಇಂಥ ಕಾಲದಲ್ಲಿ. ಓಟದ ಪಂದ್ಯಗಳಲ್ಲಿ ಬಹುಮಾನ ತಂದವಳು, ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದವಳು. ಕೂಸಿಗೆ ಕೆಲವು ತಿಂಗಳಾದ ಮೇಲೆ ಅವಳೂ ತಾಯಿಯೊಂದಿಗೆ ವ್ಯಾಯಾಮಕ್ಕೆ ಬರತೊಡಗಿದಳು. ಮೊದಲ ದಿನ ಜಂಪ್ ಎಂದಾಗ ದೊಡ್ಡಕ್ಕ ಎಂದಿನಂತೆ ಕೆಳಗೆ ಕೂತಳು. ಪಕ್ಕದಲ್ಲಿ ಮಗಳೂ ಕೂತಳು. ಸುತ್ತ ನೆಲ ಅದುರುತ್ತಿರಲು ತಾಯಿ ಮಗಳು ಮುಖಾಮುಖಿಯಾಗಿ ಶೂ ಸರಿಪಡಿಸಿಕೊಳ್ಳುತ್ತಿದ್ದರು. ಮಗಳ ಶೂಗಳಿಗೆ ಲೇಸೇ ಇರಲಿಲ್ಲ. ಅಂಟುಪಟ್ಟಿಯನ್ನು ಕೀಳುವುದು, ಒತ್ತುವುದು, ಮತ್ತೆ ಕೀಳುವುದು ಅವಳು ಮಾಡುತ್ತಿದ್ದ ಕೆಲಸ.

ದೊಡ್ಡಕ್ಕ ಮನೆಗೆ ಬಂದು, ಕೂಸಿನ ಬಟ್ಟೆ ಹಿಂಡುತ್ತ, ಮುಖ ನೋಡದೆ ಕೇಳಿದಳು:

"ಯಾಕೆ ನೆಗೀಲಿಲ್ಲ?"

"ಸುಸ್ತು ಕಣಮ್ಮ. ಊಟ ಅರ್ಧಕ್ಕೆ ಇಳಿಸಿದೀನಲ್ಲ."

"ಹಾಲು ಕುಡಿಸೋರು ಊಟ ಇಳಿಸ್ತಾರೇನೇ?"

"ಮತ್ತಿನ್ನೇನು ಮಾಡ್ಲಿ? ಗಳಿಗೆಗೊಂದ್ಸಲ ಬಚ್ಚಲಿಗೆ ಓಡ್ಬೇಕು. ನೀರು ಕುಡಿಯೋದೂ ಕಡಿಮೆ ಮಾಡ್ದೆ, ಆದ್ರೂ ನಿಲ್ತಿಲ್ಲ. ನಿನ್ನ ಸಕ್ಕರೆ ನಂಗೆ ಬಂದಿದೆ. ಪರೀಕ್ಷೆ ಮಾಡಿಸಿದ್ರೆ ಔಷಧಿ ಕೊಟ್ಟು ಹಾಲು ಬಿಡಿಸ್ತಾರೇನೋ ಅಂತ ಹೋಗಿಲ್ಲ. ನೀನು ಪಥ್ಯದಲ್ಲೇ ನಿಭಾಯಿಸ್ಲಿಲ್ವಾ?"

ಕೋಣೆಯೊಳಗೆ ಕೂಸು ಅಳುತ್ತಿತ್ತು. ಹಾಲು ಸಾಲುತ್ತಿಲ್ಲವೆಂದು ಒಂದು ವಾರದಿಂದ ಅಳುತ್ತಿದ್ದ ಕೂಸು. ತನ್ನ ಸುಳ್ಳು ಮಗಳ ತಟ್ಟೆಯಲ್ಲಿ ಅನ್ನ ಕಡಿಮೆ ಮಾಡಿ, ಅಲ್ಲಿಂದ ಮೊಮ್ಮಗುವಿನ ಹೊಟ್ಟೆಯವರೆಗೂ ಹೋಗಿ ತಲುಪಿದೆಯೆಂದು ದೊಡ್ಡಕ್ಕನಿಗೆ ಅರಿವಾಯಿತು. ಆಗಲೂ ಆಕೆಯ ನಾಲಿಗೆಯ ತುದಿಗೆ ಬಂದದ್ದು ಅತ್ತೆಯ ಮಾತೇ, ಹೆತ್ತೋರಿಗೆಲ್ಲ ಇರೋದೇ. ಅದನ್ನು ಹೇಗೋ ನುಂಗಿಕೊಂಡಳು.

"ನಂಗೆ ಸಕ್ಕರೆ ಇಲ್ಲ," ಎಂದಳು. "ಯಾವತ್ತೂ ಇರ್ಲಿಲ್ಲ."

ಮಗಳು ನಕ್ಕಳು, ಆಮೇಲೆ ತಾಯಿಯ ಮುಖ ನೋಡಿ ನಗು ನಿಲ್ಲಿಸಿದಳು. "ಮತ್ತೇನಿತ್ತು?"

"ನಿಂಗೆ ಕೆಮ್ಮಿದ್ರೆ ಸೋರತ್ತಾ?"

ಮಗಳು ದನಿ ತಗ್ಗಿಸಿ, "ಸೀನಿದ್ರೂ" ಎಂದಳು.

"ಅದೇ ನಂಗಿರೋದು. ನೀನು ಹುಟ್ಟಿದಾಗಿಂದ."

"ಒಂದು ಮಾತು ಹೇಳೋಕಾಗ್ಲಿಲ್ವೇನಮ್ಮ? ನಾನು ಹೊಟ್ಟೆಗಿಲ್ದೆ ಒದ್ದಾಡೋದನ್ನ ನೋಡ್ಕೊಂಡು..." ಎಂದ ಮಗಳು ಮಾತು ಮುಗಿಸದೆ ಎದ್ದು ಕೂಸಿನ ಬಳಿ ಹೋದಳು. ದೊಡ್ಡಕ್ಕ ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡುತ್ತ ಕೂತಳು. ಸೋರುವ ಮೈಯಿಂದ ಆಕೆ ಪಟ್ಟ ನಾಚಿಕೆಯೆಲ್ಲ ಒಟ್ಟಾದರೂ ಆ ಬೆಳಗಿನ ನಾಚಿಕೆಗೆ ಸಾಟಿಯಾಗುತ್ತಿರಲಿಲ್ಲ.

ಮಾರನೆಯ ದಿನ ಇಬ್ಬರೂ ಕೂಸನ್ನೆತ್ತಿಕೊಂಡು ಆಸ್ಪತ್ರೆಗೆ ಹೋದರು. ಮಗಳ ರಕ್ತದಲ್ಲಿ ಸಕ್ಕರೆ ಸರಿಯಾಗಿತ್ತು, ತಾಯಿಯದೂ. ಹೆರಿಗೆಯಲ್ಲಿ ಸಡಿಲಗೊಂಡ ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ವೈದ್ಯೆ ಕಲಿಸಿದರು. ಕೂತು ಮಾಡಬಹುದು, ಒಲೆಯ ಮುಂದೆ ನಿಂತು ಮಾಡಬಹುದು, ಪಕ್ಕದಲ್ಲಿದ್ದವರಿಗೂ ತಿಳಿಯುವುದಿಲ್ಲ. ನೀರು ಕುಡಿಯುವುದನ್ನು ಬಿಡಬಾರದು, ಬಿಟ್ಟರೆ ತೊಂದರೆ ಹೆಚ್ಚುತ್ತದೆ ಎಂದೂ ಹೇಳಿದರು. "ಇದು ತುಂಬ ಜನಕ್ಕಿರತ್ತೆ. ಆದ್ರೆ ತುಂಬ ಜನಕ್ಕಿದೆ ಅಂತ ಸುಮ್ನಿರೋದಲ್ಲ," ಎಂದು ದೊಡ್ಡಕ್ಕನ ಕಡೆ ತಿರುಗಿ, "ನೀವು ಆಗ್ಲೇ ಬಂದಿದ್ರೆ ಚೆನ್ನಾಗಿತ್ತು. ಈಗ್ಲೂ ಗುಣ ಆಗತ್ತೆ, ನಿಧಾನವಾಗಿ" ಎಂದರು. ಗದರಿದ್ದರೆ ಆಕೆಗೆ ಹಗುರಾಗುತ್ತಿತ್ತೇನೋ.

ರಾತ್ರಿ ಊಟಕ್ಕೆ ಕೂತ ಅಪ್ಪನಿಗೆ ಮಗಳು, "ನಂಗೂ ಸಕ್ಕರೆ ಇಲ್ಲ, ಅಮ್ಮಂಗೂ ಇಲ್ವಂತೆ" ಎಂದು ತಾಯಿಯ ಕಡೆ ನೋಡಿದಳು, ಉಳಿದದ್ದನ್ನು ನೀನು ಹೇಳು ಎಂಬಂತೆ. ಅಷ್ಟರಲ್ಲಿ ಅವನೇ ಮೇಜು ಕುಟ್ಟಿದ. "ನೋಡಿದ್ಯಾ? ವ್ಯಾಯಾಮಕ್ಕೆ ಸೇರಿಸಿದ್ದು ಯಾರು? ಎಲ್ಲ ವಾಸಿಯಾಯ್ತು." ದೊಡ್ಡಕ್ಕ ಬಾಯಿ ತೆರೆದಳು. ಮುಚ್ಚಿದಳು. ಮಗಳ ತಟ್ಟೆಗೆ ಅನ್ನ ಹಾಕಿದಳು. ಮಗಳು ಬೇಡವೆನ್ನದೆ ಉಂಡಳು.

ಇಂಥ ಹೆಂಗಸರು ಬೀದಿಗೊಬ್ಬರಿದ್ದಾರೆ. ಹೊರಗೆ ಹೋಗುವಾಗ ಉಡಲು ಒಳ್ಳೆಯ ಬಟ್ಟೆ ಆರಿಸುವಂತೆ, ಕಾಯಿಲೆಗಳಲ್ಲೂ ನಾಲ್ಕು ಜನ ಒಪ್ಪುವಂಥದನ್ನು ಆರಿಸಿ ಹೇಳಿಕೊಂಡು, ನಿಜವಾದದ್ದನ್ನು ಒಗೆಯುವ ಬಟ್ಟೆಯ ಅಡಿಯಲ್ಲಿ ಮುಚ್ಚಿಡುತ್ತಾರೆ. ತಮ್ಮ ಸಂಕಟಕ್ಕಾಗಿ ಅವರು ಎಂದೂ ಬಾಯಿ ತೆರೆಯುವವರಲ್ಲ. ತಮ್ಮ ಮೌನ ಇನ್ನೊಬ್ಬಳ ಮೈಗೆ ಹತ್ತುವುದನ್ನು ಕಣ್ಣಾರೆ ಕಂಡಾಗ ಮಾತ್ರ ತೆರೆಯುತ್ತಾರೆ, ಆಗಲೂ ಅರ್ಧ. ಆ ಅರ್ಧ ಮಾತಿಗೇ ಅವರ ಆಯುಷ್ಯದ ಬಹುಪಾಲು ಹಿಡಿದಿರುತ್ತದೆ. ಉಳಿದರ್ಧವನ್ನು ಕೇಳಬೇಕಾದವರು ಮೇಜಿನ ಆಚೆ ತುದಿಯಲ್ಲಿ, ಇನ್ನೊಂದು ಸುತ್ತು ಬಡಿಸಲೆಂದು ಕಾಯುತ್ತಿರುತ್ತಾರೆ.